ಕಡಲ ಕಾವಲಿನ ಖರ್ಚು ಯಾರ ತಲೆಯ ಮೇಲೆ?



ಈ ತಿಂಗಳು ನಿಮ್ಮ ಮುಂದೆ ಹಡಗಿನ ಮಾತು ತಂದಿದ್ದೇವೆ. ಕಡಲ ಮೇಲೆ ಯುದ್ಧನೌಕೆಗಳು ಮಾಡುವ ಕೆಲಸ ಏನು, ಅದರ ಪರಿಣಾಮ ಎಲ್ಲೆಲ್ಲಿಗೆ ಮುಟ್ಟುತ್ತೆ ಅನ್ನುವುದು ವಿಷಯ. "ಗೊಬ್ಬರದ ಬೆಲೆ ಬರೀರಿ, ಬಡ್ಡಿ ವಿಷಯ ಬರೀರಿ, ಗೂಡಿನ ರೇಟು ಬರೀರಿ ಅಂದ್ರೆ ಇವರು ಹಡಗಿನ ಕತೆ ಹೇಳಕ್ಕೆ ಕೂತವ್ರಲ್ಲ" ಅಂತ ನೀವು ಅನ್ನಬಹುದು. ಅನ್ನಿ. ಆದರೆ ಪೂರ್ತಿ ಓದಿ ಆಮೇಲೆ ಅನ್ನಿ. ಇದು ಗೊಬ್ಬರದ ಬೆಲೆಯ ಕತೆಯೇ, ಬಡ್ಡಿಯ ಕತೆಯೇ.

ಕೊಳ್ಳೇಗಾಲ, ಹನೂರು, ಯಳಂದೂರಿನ ನಮಗೆ ನೀರು ಅಂದರೆ ಕಾವೇರಿ, ಸುವರ್ಣಾವತಿ, ಗುಂಡಾಲ್ ಜಲಾಶಯ. ಆ ಭಾಗ್ಯವಿಲ್ಲದ ಬೆಟ್ಟದ ಬುಡದವರಿಗೆ ಬೋರ್‌ವೆಲ್. ಅದೂ ಬತ್ತಿದವರಿಗೆ ಮುಗಿಲೇ ಗತಿ. ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೆ ಇಳಿದು ಕಡಲು ನೋಡಿರಬಹುದು. ರಾಮೇಶ್ವರಕ್ಕೆ ಹೋದವರು ಮುಳುಗು ಹಾಕಿ ಬಂದಿರಬಹುದು. ನಮಗೂ ಕಡಲಿಗೂ ಇರುವ ನಂಟು ಅಷ್ಟೇ ಅಂತ ನಾವು ಅಂದುಕೊಂಡಿದ್ದೇವೆ.

ಆದರೆ ನಮ್ಮ ಬಾಯಲ್ಲಿ ಓಡಾಡುವ ಮಾತು ನೋಡಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಗೊಬ್ಬರ. ಹೊರದೇಶದಿಂದ ಬಂದದ್ದಕ್ಕೆ ನಮ್ಮ ಹಿರಿಯರು 'ಸೀಮೆ' ಅಂತ ಮುಂದೆ ಸೇರಿಸಿ ಕರೆದರು. ಇದು ನಮ್ಮ ತಿಪ್ಪೆಯದಲ್ಲ, ನಮ್ಮ ಗಾಣದ್ದಲ್ಲ, ಹಡಗು ಹತ್ತಿ ಬಂದದ್ದು ಅನ್ನುವ ತಿಳಿವಳಿಕೆ ಆ ಒಂದು ಮಾತಿನಲ್ಲೇ ಇತ್ತು. ಆಮೇಲೆ ನಾವು ಅದನ್ನೇ 'ಸರ್ಕಾರಿ ಗೊಬ್ಬರ' ಅಂದೆವು, ಡಿಎಪಿ ಅಂದೆವು, ಪೊಟ್ಯಾಷ್ ಅಂದೆವು. ಹೆಸರು ಬದಲಾಯಿತು, ದಾರಿ ಬದಲಾಗಲಿಲ್ಲ. ಇವತ್ತಿಗೂ ಅದು ಕಡಲು ದಾಟಿಯೇ ಬರಬೇಕು.

ನಾನು ಕಂಡದ್ದನ್ನೇ ಹೇಳುತ್ತೇನೆ. 2024ರ ಮೊದಲ ತಿಂಗಳುಗಳಲ್ಲಿ ಗೊಬ್ಬರ ತರಲು ಒಂದು ಅಂಗಡಿಗೆ ಹೋದೆ. "ಕೆಂಪು ಸಮುದ್ರದಲ್ಲಿ ಗಲಾಟೆ ಸ್ವಾಮಿ, ಹಡಗು ಬಂದಿಲ್ಲ, ರೇಟು ಜಾಸ್ತಿ" ಅಂದರು. ಅದೇ ವಾರ ಅರಿಶಿನದ ವಿಚಾರಕ್ಕೆ ಒಂದು ಮಂಡಿಗೆ ಹೋದೆ. "ಕೆಂಪು ಸಮುದ್ರದಲ್ಲಿ ಗಲಾಟೆ ಸ್ವಾಮಿ, ಹಡಗು ಹೋಗ್ತಾ ಇಲ್ಲ, ರೇಟು ಕಮ್ಮಿ" ಅಂದರು. ಕೊಳ್ಳುವಾಗಲೂ ಅದೇ ಹಡಗು, ಮಾರುವಾಗಲೂ ಅದೇ ಹಡಗು. ಎರಡು ಸಲವೂ ಕೈ ಹೋದದ್ದು ನನ್ನ ಜೇಬಿಗೆ. ಅವರಿಬ್ಬರು ಹೇಳಿದ್ದರಲ್ಲಿ ನಿಜ ಎಷ್ಟು, ನೆಪ ಎಷ್ಟು ಅಂತ ಅಳೆಯುವ ತಕ್ಕಡಿ ನನ್ನ ಹತ್ತಿರ ಇರಲಿಲ್ಲ. ಆ ತಕ್ಕಡಿ ನಿಮ್ಮ ಕೈಗೆ ಕೊಡಬೇಕು ಅಂತಲೇ ಈ ಬರಹ.

ಮೊದಲು ಹಳೆಯದನ್ನು ನೆನೆಯೋಣ. ನಮ್ಮ ಕೊಳ್ಳೇಗಾಲ 1956ರ ತನಕ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಅನ್ನುವುದು ಹಿರಿಯರಿಗೆ ಗೊತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಆ ಪ್ರಾಂತ್ಯದ ರಾಜಧಾನಿಯ ಮೇಲೆ ಜರ್ಮನಿಯ 'ಎಮ್ಡೆನ್' ಅನ್ನುವ ಯುದ್ಧನೌಕೆ ಗುಂಡು ಹಾರಿಸಿತು. ದಡದಲ್ಲಿದ್ದ ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು. ಅರ್ಧ ಗಂಟೆಯ ಕೆಲಸ ಅದು. ಆದರೆ ಆ ಒಂದೇ ಹಡಗಿನ ಭಯಕ್ಕೆ ಬಂಗಾಳ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳು ಬಂದರು ಬಿಟ್ಟು ಹೊರಡಲಿಲ್ಲ. ಹಡಗಿನ ವಿಮೆಯ ದರ ಗಗನಕ್ಕೇರಿತು. ಇಪ್ಪತ್ತಕ್ಕೂ ಹೆಚ್ಚು ವರ್ತಕರ ಹಡಗುಗಳನ್ನು ಅದು ಹಿಡಿಯಿತು ಇಲ್ಲವೇ ಮುಳುಗಿಸಿತು. ಅದೇ ವರ್ಷ ನವೆಂಬರ್ 9ರಂದು ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಯುದ್ಧನೌಕೆ ಅದನ್ನು ಮಟ್ಟ ಹಾಕಿತು. ತಮಿಳಿನಲ್ಲಿ ಮಹಾ ಚಾಲೂಕಿನವನನ್ನು 'ಎಮ್ಡನ್' ಅಂತ ಕರೆಯುವುದು ಆಗಿನಿಂದಲೇ ಬಂದದ್ದು. ಗಡಿ ಸೀಮೆಯ ಹನೂರಿನ ಕಡೆಯವರು ಆ ಮಾತು ಕೇಳಿರಬಹುದು.

ಇದರಿಂದ ತಿಳಿಯಬೇಕಾದ್ದು ಇಷ್ಟೇ. ಕಡಲ ಯುದ್ಧದಲ್ಲಿ ಎಲ್ಲ ಹಡಗನ್ನೂ ಮುಳುಗಿಸಬೇಕಾಗಿಲ್ಲ. ನಾಲ್ಕು ಹಡಗಿಗೆ ಹೊಡೆದರೆ ಸಾಕು, ಉಳಿದ ನಾನೂರು ಹಡಗು ತಾವೇ ನಿಲ್ಲುತ್ತವೆ. ಗುಂಡು ಬೀಳುವುದು ಹಡಗಿಗೆ. ಪೆಟ್ಟು ಬೀಳುವುದು ಬೆಲೆಗೆ.

ಎರಡನೆಯ ಮಹಾಯುದ್ಧದಲ್ಲಿ ನಮಗೆ ಇನ್ನೂ ಹತ್ತಿರದ ಅನುಭವವಾಯಿತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ಮೇಲೆ ಆ ದೇಶದ ರೇಷ್ಮೆ ಹೊರಗೆ ಬರುವುದು ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ಮೈಸೂರು ಸೀಮೆಯ ರೇಷ್ಮೆಗೆ, ಮದರಾಸು ಪ್ರಾಂತ್ಯದ ರೇಷ್ಮೆಯ ಮುಖ್ಯ ತವರಾಗಿದ್ದ ನಮ್ಮ ಕೊಳ್ಳೇಗಾಲದ ರೇಷ್ಮೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ನಮ್ಮ ತಾತ ಹೇಳುತ್ತಿದ್ದ: "ರಾಗಿ ಹೊಲಕ್ಕೂ ಹಿಪ್ಪುನೇರಳೆ ಕಡ್ಡಿ ನೆಟ್ಟೆವು ಕಣಪ್ಪ. ಯುದ್ಧ ನಿಂತಿತು, ಗೂಡು ಕೇಳೋರೇ ಇಲ್ಲ. ನೆಡುವಾಗ ಮಾಡಿದ ಸಾಲ ಮಾತ್ರ ನಿಂತುಕೊಂಡಿತ್ತು." ತಾತ ಕಡಲು ನೋಡಿದವನಲ್ಲ. ಪ್ಯಾರಾಚೂಟು ಹೆಂಗಿರುತ್ತೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಆದರೂ ಪೂರ್ವದ ಕಡಲಿನಲ್ಲಿ ನಡೆದ ಯುದ್ಧ ಅವನ ಹೊಲದ ಬೆಳೆಯನ್ನು ಬದಲಾಯಿಸಿತು.

ಬೇರೆ ಕಡೆ ನಡೆದದ್ದು ಇದಕ್ಕಿಂತ ಘೋರ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾಯಿತು, ಬರ್ಮಾದ ಅಕ್ಕಿ ಬರುವುದು ನಿಂತಿತು. ಶತ್ರು ದಡ ಹತ್ತಿದರೆ ದೋಣಿ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯಲ್ಲಿ ಬಡವರ ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿತು, ಒಡೆದುಹಾಕಿತು. ಮೀನು ಹಿಡಿಯುವವನಿಗೆ, ದೋಣಿಯಲ್ಲಿ ಭತ್ತ ಸಾಗಿಸುವವನಿಗೆ ದಾರಿ ಇಲ್ಲದಾಯಿತು. 1943ರ ಬಂಗಾಳದ ಕ್ಷಾಮಕ್ಕೆ ಇವೂ ಕಾರಣಗಳಾಗಿದ್ದವು. ಸತ್ತವರು ಸುಮಾರು 30 ಲಕ್ಷ. ಬಂದೂಕಿನ ಗುಂಡು ತಾಗಿ ಸತ್ತವರಲ್ಲ, ಅನ್ನವಿಲ್ಲದೆ ಸತ್ತವರು. ಕಡಲಿನ ಲೆಕ್ಕಾಚಾರದಲ್ಲಿ ಹಳ್ಳಿಯವನನ್ನು ಮರೆತರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಸ್ವತಂತ್ರ ದೇಶದ ನಮ್ಮ ನೌಕಾಪಡೆ ಏನು ಮಾಡುತ್ತೆ? ಯುದ್ಧ ಬಂದಾಗ ಶತ್ರುವಿನ ಬಂದರಿಗೆ ಪೆಟ್ಟು ಕೊಡುವುದು, ಅವನ ಸರಕಿನ ದಾರಿ ಕಟ್ಟುವುದು ಒಂದು ಕೆಲಸ. 1971ರ ಡಿಸೆಂಬರ್ 4ರಂದು ಕರಾಚಿಯ ಮೇಲೆ ನಡೆಸಿದ ದಾಳಿಯ ನೆನಪಿಗೇ ಪ್ರತಿವರ್ಷ ಆ ದಿನ ನೌಕಾದಿನ ಆಚರಿಸುತ್ತಾರೆ. ಎರಡನೆಯದು, ಆಪತ್ತಿನಲ್ಲಿ ಜನರನ್ನು ಕಾಪಾಡುವುದು. 2015ರಲ್ಲಿ ಯೆಮೆನ್ ದೇಶದಲ್ಲಿ ಯುದ್ಧ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಕೊಂಡಿದ್ದ ಸಾವಿರಾರು ಭಾರತೀಯರನ್ನು ಕರೆತಂದರು. ಮೂರನೆಯದು, ಶಾಂತಿಯ ಕಾಲದಲ್ಲೂ ಹಗಲು ರಾತ್ರಿ ನಡೆಯುವ ಕೆಲಸ. ಅದು ವ್ಯಾಪಾರದ ಹಡಗು ಓಡಾಡುವ ದಾರಿಯ ಕಾವಲು. ರೈತನಿಗೆ ಸಂಬಂಧಪಟ್ಟದ್ದು ಹೆಚ್ಚಾಗಿ ಈ ಮೂರನೆಯದು. ಹೊಲದಲ್ಲಿ ಮಂಚಿಕೆ ಕಟ್ಟಿ ರಾತ್ರಿಯೆಲ್ಲ ಆನೆ, ಹಂದಿ ಕಾಯುವ ನಮಗೆ ಕಾವಲಿನ ಕಷ್ಟ ಬೇರೆಯವರು ಹೇಳಿಕೊಡಬೇಕಾಗಿಲ್ಲ.

2023ರ ನವೆಂಬರಿನಿಂದ ಯೆಮೆನ್ ದೇಶದ ಹೂತಿ ಪಡೆಯವರು ಕೆಂಪು ಸಮುದ್ರದಲ್ಲಿ ಹೋಗುವ ಹಡಗುಗಳ ಮೇಲೆ ಡ್ರೋನು, ಕ್ಷಿಪಣಿ ಬಿಡತೊಡಗಿದರು. ಅದರ ಬಿಸಿ ನಮ್ಮ ರಾಜ್ಯದ ಬಾಗಿಲಿಗೂ ಬಂತು. ಆ ವರ್ಷ ಡಿಸೆಂಬರ್ 23ರಂದು ಅರಬ್ಬೀ ಸಮುದ್ರದಲ್ಲಿ ಗುಜರಾತಿನ ದಡದಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ 'ಕೆಮ್ ಪ್ಲೂಟೊ' ಅನ್ನುವ ಹಡಗಿಗೆ ಡ್ರೋನ್ ಬಡಿದು ಬೆಂಕಿ ಹತ್ತಿತು. ಅದು ಸೌದಿ ಅರೇಬಿಯಾದಿಂದ ಕಚ್ಚಾ ತೈಲ ತುಂಬಿಕೊಂಡು ಎಲ್ಲಿಗೆ ಬರುತ್ತಿತ್ತು ಗೊತ್ತೇ? ನಮ್ಮ ಮಂಗಳೂರಿಗೆ. ನಮ್ಮ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ ಆಗುವುದು ಇಂಥ ಎಣ್ಣೆಯೇ. ನಮ್ಮ ಕರಾವಳಿ ಕಾವಲು ಪಡೆಯವರು ಜೊತೆಗೆ ನಿಂತು ಅದನ್ನು ಮುಂಬೈಗೆ ಮುಟ್ಟಿಸಿದರು.

ಆಮೇಲೆ ನೌಕಾಪಡೆ ಹಲವು ಯುದ್ಧನೌಕೆಗಳನ್ನು ಅರಬ್ಬೀ ಸಮುದ್ರಕ್ಕೆ ಇಳಿಸಿತು. 2024ರ ಮಾರ್ಚ್ 16ರಂದು ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿದ್ದ 'ರುಯೆನ್' ಹಡಗನ್ನು 'ಐಎನ್‌ಎಸ್ ಕೋಲ್ಕತಾ' ಬಿಡಿಸಿತು. 35 ಜನ ಕಳ್ಳರು ಶರಣಾದರು, ಹಡಗಿನ 17 ಜನ ನೌಕರರಿಗೆ ಒಂದು ಗಾಯವೂ ಆಗಲಿಲ್ಲ. ನಮ್ಮ ದಡದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ ನಡೆದ ಕೆಲಸ ಅದು. ಇಂಥದ್ದಕ್ಕೆ ಎದೆಯುಬ್ಬಿಸಿ ಭೇಷ್ ಅನ್ನಬೇಕು, ಅನ್ನುತ್ತೇವೆ. ಆ ಹಡಗುಗಳಲ್ಲಿ ಡ್ಯೂಟಿ ಮಾಡುವವರಲ್ಲಿ ಒಕ್ಕಲು ಮಕ್ಕಳೂ ಇದ್ದಾರೆ.

ಆದರೆ ಕಾವಲು ಎಷ್ಟೇ ಬಿಗಿಯಾಗಿದ್ದರೂ ಭಯ ಹೋಗಲಿಲ್ಲ. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಓಡಾಡತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಅಷ್ಟು ಹೆಚ್ಚಿಗೆ ಎಣ್ಣೆ, ಅಷ್ಟು ಹೆಚ್ಚಿಗೆ ಬಾಡಿಗೆ, ಅದರ ಮೇಲೆ ವಿಮೆ. ಹಿಂದೆ 1967ರಿಂದ 1975ರ ತನಕ ಎಂಟು ವರ್ಷ ಯುದ್ಧದ ಕಾರಣ ಸೂಯೆಜ್ ಮುಚ್ಚಿದ್ದಾಗಲೂ ಇದೇ ಸುತ್ತು ದಾರಿಯಾಗಿತ್ತು.

ಈಗ ನಮ್ಮ ಮೂಟೆಯ ಲೆಕ್ಕ. ಪೊಟ್ಯಾಷಿಗೆ ನಮ್ಮ ದೇಶ ಹೊರದೇಶಗಳನ್ನೇ ನಂಬಿಕೊಂಡಿದೆ. ಜೋರ್ಡಾನ್ ಮತ್ತು ಇಸ್ರೇಲಿನ ನಡುವೆ ಇರುವ ಮೃತ ಸಮುದ್ರದಿಂದ ತೆಗೆದ ಪೊಟ್ಯಾಷ್ ನಮ್ಮ ಕಡೆಗೆ ಬರುವುದು ಕೆಂಪು ಸಮುದ್ರದ ತುದಿಯ ಬಂದರುಗಳಿಂದ. ಡಿಎಪಿಯಲ್ಲಿ ಅರ್ಧಕ್ಕೂ ಹೆಚ್ಚು ತಯಾರಾದ ಮಾಲಾಗಿಯೇ ಬರುತ್ತೆ. ಇಲ್ಲಿ ತಯಾರಾಗುವುದಕ್ಕೂ ರಂಜಕದ ಕಲ್ಲು, ಆಮ್ಲ ಹೊರಗಿನಿಂದಲೇ ಬರಬೇಕು. ಯೂರಿಯಾ ಇಲ್ಲೇ ಮಾಡುತ್ತೇವೆ ನಿಜ, ಆದರೆ ಅದಕ್ಕೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರುತ್ತೆ. ಮೂರು ಮೂಟೆ ಇಟ್ಟುಕೊಂಡು ನೋಡಿದರೆ ಮೂರರ ಮೇಲೂ ಕಡಲಿನ ಮುದ್ರೆ ಇದೆ.

ಇನ್ನೊಂದು ಸಂಗತಿ. ಡಿಎಪಿ ಬಿತ್ತನೆಯ ಹೊತ್ತಿಗೆ ಬೇರಿನ ಬುಡಕ್ಕೆ ಬೀಳಬೇಕಾದ ಗೊಬ್ಬರ. ಹಡಗು ಎರಡು ವಾರ ತಡವಾದರೆ ಕಂಪನಿಗೆ ಎರಡು ವಾರದ ಬಾಡಿಗೆ ನಷ್ಟ. ನಮಗೆ ಹದ ಹೋಯಿತು ಅಂದರೆ ವರ್ಷವೇ ಹೋಯಿತು. ಈ ನಷ್ಟ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಇಲ್ಲಿಗೆ ನಮ್ಮ ಮುಖ್ಯ ಮಾತಿಗೆ ಬಂದೆವು. ಕಡಲಿನಲ್ಲಿ ಗಲಾಟೆಯಾಗುವುದು ನಮ್ಮ ಕೈಲಿಲ್ಲ. ದೆಹಲಿಯ ಕೈಲೂ ಪೂರ್ತಿ ಇಲ್ಲ. ಆದರೆ ಆ ಗಲಾಟೆಯ ಖರ್ಚು ಯಾರ ತಲೆ ಮೇಲೆ ಬೀಳಬೇಕು ಅನ್ನುವುದು ದೆಹಲಿಯ ಕೈಲಿದೆ. ಅದನ್ನು ಕಾಗದದ ಮೇಲೆ ತೀರ್ಮಾನ ಮಾಡಿದ್ದಾರೆ. ಯಾವಾಗ ಮಾಡಿದರು? 2010ರ ಏಪ್ರಿಲ್ 1ರಂದು.

ಅದಕ್ಕೆ ಮುಂಚೆ ಡಿಎಪಿ, ಪೊಟ್ಯಾಷಿನ ಮಾರಾಟದ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತಿತ್ತು. ಹೊರಗಡೆ ಬೆಲೆ ಏರಲಿ, ಬಾಡಿಗೆ ಏರಲಿ, ಏರಿದ್ದನ್ನು ಸರ್ಕಾರ ಹೊರುತ್ತಿತ್ತು. 2010ರಿಂದ ಇದನ್ನು ತಿರುಗಿಸಿದರು. ಸರ್ಕಾರ ಕೊಡುವ ಸಬ್ಸಿಡಿ ನಿಗದಿ, ಮಾರಾಟದ ಬೆಲೆ ಬಿಡುವು. ಅಂದರೆ ಕಡಲಿಗೂ ನಮ್ಮ ಹೊಲಕ್ಕೂ ನಡುವೆ ಇದ್ದ ಒಡ್ಡನ್ನು ಒಡೆದುಹಾಕಿದರು. ಒಡ್ಡು ಒಡೆದ ಗದ್ದೆಗೆ ಏನಾಗುತ್ತೆ ಅಂತ ಯಳಂದೂರಿನ ಗದ್ದೆಯವರನ್ನು ಕೇಳಿ.

ಲೆಕ್ಕ ನೋಡಿ. ಒಡ್ಡು ಒಡೆಯುವ ಮುಂಚೆ 50 ಕಿಲೋ ಪೊಟ್ಯಾಷ್ ಮೂಟೆ ಸುಮಾರು 223 ರೂಪಾಯಿ. ಡಿಎಪಿ ಸುಮಾರು 468 ರೂಪಾಯಿ. 2010-11ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 1,000 ರೂಪಾಯಿ. ಕಪ್ಪು ಸಮುದ್ರದಲ್ಲಿ ರಷ್ಯಾ–ಉಕ್ರೇನ್ ಯುದ್ಧ ಹತ್ತಿಕೊಂಡ 2022ರಲ್ಲಿ ಪೊಟ್ಯಾಷ್ ಮೂಟೆ 1,700 ರೂಪಾಯಿ, ಡಿಎಪಿ 1,350 ರೂಪಾಯಿ. 2022-23ರ ಭತ್ತದ ಬೆಂಬಲ ಬೆಲೆ 2,040 ರೂಪಾಯಿ. ಇದನ್ನು ಭತ್ತದಲ್ಲಿ ಅಳೆಯಿರಿ. ಆಗ 22 ಕಿಲೋ ಭತ್ತ ಕೊಟ್ಟರೆ ಒಂದು ಮೂಟೆ ಪೊಟ್ಯಾಷ್ ಬರುತ್ತಿತ್ತು. 2022ರಲ್ಲಿ 83 ಕಿಲೋ ಕೊಡಬೇಕಾಯಿತು. ಡಿಎಪಿಗೆ ಆಗ 47 ಕಿಲೋ, 2022ರಲ್ಲಿ 66 ಕಿಲೋ. ಅದೂ ಬೆಂಬಲ ಬೆಲೆ ಪೂರ್ತಿ ಸಿಕ್ಕರೆ. ಸಿಗುವುದು ಎಷ್ಟು ಜನಕ್ಕೆ ಅಂತ ನಿಮಗೇ ಗೊತ್ತು.

ನ್ಯಾಯವಾಗಿ ಮಾತಾಡಬೇಕು. ಈ ಏರಿಕೆಯೆಲ್ಲ ಕಡಲಿನ ಯುದ್ಧದಿಂದಲೇ ಆಯಿತು ಅಂತ ನಾವು ಹೇಳುತ್ತಿಲ್ಲ. ರೂಪಾಯಿಯ ಬೆಲೆ ಬಿದ್ದದ್ದಿದೆ, ಮಾರುವ ದೇಶಗಳ ಲಾಭಕೋರತನ ಇದೆ. ಸರ್ಕಾರ ಏನೂ ಕೊಡಲಿಲ್ಲ ಅಂತಲೂ ಅನ್ನುವುದಿಲ್ಲ. 2021ರ ಮೇ ತಿಂಗಳಲ್ಲಿ ಡಿಎಪಿ ಮೂಟೆ 1,900 ರೂಪಾಯಿಗೆ ಏರಿದಾಗ ದೇಶದ ರೈತರು ಕೂಗೆಬ್ಬಿಸಿದರು. ಆಗ ಕೇಂದ್ರ ಸರ್ಕಾರ ಮೂಟೆಗೆ 500 ರೂಪಾಯಿ ಇದ್ದ ಸಬ್ಸಿಡಿಯನ್ನು 1,200 ರೂಪಾಯಿ ಮಾಡಿತು, ಬೆಲೆ ಮತ್ತೆ 1,200ಕ್ಕೆ ಇಳಿಯಿತು. 2022-23ರಲ್ಲಿ ಗೊಬ್ಬರದ ಸಬ್ಸಿಡಿಗೆ ಸುಮಾರು ಎರಡೂವರೆ ಲಕ್ಷ ಕೋಟಿ ಖರ್ಚಾಯಿತು. ಇದರಿಂದ ಗೊತ್ತಾಗುವುದು ಏನು? ಮನಸ್ಸು ಮಾಡಿದರೆ ಒಡ್ಡು ಕಟ್ಟಲು ಆಗುತ್ತೆ. ಆದರೆ ನಾವು ಕೂಗಿದ ಮೇಲೆ ಕಟ್ಟುತ್ತಾರೆ, ನೀರು ನುಗ್ಗಿದ ಮೇಲೆ ಕಟ್ಟುತ್ತಾರೆ. ಯೂರಿಯಾಕ್ಕೆ ಬೆಲೆ ಕಟ್ಟಿದ್ದಾರೆ, ಆದರೆ ಅಲ್ಲಿ ಬೆಲೆ ಏರದಿದ್ದರೆ ಮಾಲೇ ಮಾಯವಾಗುತ್ತೆ. 2025ರ ಮುಂಗಾರಿನಲ್ಲಿ ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ಯೂರಿಯಾಕ್ಕಾಗಿ ಸೊಸೈಟಿ ಮುಂದೆ ನಸುಕಿನಿಂದ ಸಾಲು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಸಾಲು ನಿಂತರೂ ಸಿಗದವನು ಏನು ಮಾಡುತ್ತಾನೆ? ಕೈಸಾಲ ಮಾಡಿ ಕಾಳಸಂತೆಯಲ್ಲಿ ತರುತ್ತಾನೆ. ಅಲ್ಲಿ ಹೆಚ್ಚಿಗೆ ಕೇಳುವುದನ್ನು ಬಿಡಿ, 1,350 ರೂಪಾಯಿಗೇ ಮೂಟೆ ಸಿಕ್ಕಿತು ಅಂತಿಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಅರಿಶಿನ ಕಿತ್ತು ಬೇಯಿಸಿ ಮಾರುವ ಹೊತ್ತಿಗೆ ಹತ್ತು ತಿಂಗಳು. ಬಡ್ಡಿಯೇ 405 ರೂಪಾಯಿ. ಮೂಟೆಯ ನಿಜವಾದ ಬೆಲೆ 1,755 ರೂಪಾಯಿ ಆಯಿತು. ಕಡಲಿನ ಗಲಾಟೆ ಬಡ್ಡಿಯಾಗಿ ಮನೆಯೊಳಗೆ ಬರುವ ದಾರಿ ಇದು.

ಸರಿ, ಯುದ್ಧದಿಂದ ಹೊರಗಡೆ ದವಸದ ಬೆಲೆಯೂ ಏರುತ್ತಲ್ಲ, ಆ ಲಾಭವಾದರೂ ರೈತನಿಗೆ ಸಿಕ್ಕಿತೇ? 2022ರಲ್ಲಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿ ಲೋಕದಲ್ಲೆಲ್ಲ ಗೋಧಿಯ ಬೆಲೆ ಏರಿತು. ಉತ್ತರದ ರೈತರಿಗೆ ನಾಲ್ಕು ಕಾಸು ಸಿಗುವ ಹೊತ್ತಿಗೆ, ಮೇ 13ರಂದು, ಗೋಧಿ ರಫ್ತು ನಿಷೇಧವಾಯಿತು. 2023ರ ಜುಲೈ 17ರಂದು ಕಪ್ಪು ಸಮುದ್ರದ ಧಾನ್ಯ ಸಾಗಣೆಯ ಒಪ್ಪಂದ ಮುರಿದುಬಿತ್ತು. ಜುಲೈ 20ರಂದು ನಮ್ಮ ದೇಶದ ಬಿಳಿ ಅಕ್ಕಿಯ ರಫ್ತು ನಿಂತಿತು. ದೇಶದೊಳಗೆ ಅಕ್ಕಿ ಬೆಲೆ ಏರಬಾರದು ಅಂತ ಸರ್ಕಾರ ಕಾರಣ ಕೊಟ್ಟಿತು. 2024ರ ಸೆಪ್ಟೆಂಬರ್ ತನಕ ಆ ಬಾಗಿಲು ತೆರೆಯಲಿಲ್ಲ. ಪಟ್ಟಣದ ಬಡವನಿಗೆ ಅಗ್ಗವಾಗಿ ಅಕ್ಕಿ ಸಿಗಲಿ, ಬೇಡ ಅನ್ನುವಷ್ಟು ಕಲ್ಲೆದೆ ನಮ್ಮದಲ್ಲ. ಆದರೆ ಅದರ ಖರ್ಚು ಭತ್ತ ಬೆಳೆದವನೊಬ್ಬನೇ ಯಾಕೆ ಹೊರಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಡಲಿಗೆ ಜ್ವರ ಬಂದಾಗಲೆಲ್ಲ ಬರೆ ಬೀಳುವುದು ನಮಗೆ.

ರೇಷ್ಮೆಯವರ ಪಾಡು ಇನ್ನೊಂದು ರೀತಿ. ಕಡಲ ದಾರಿ ಶಾಂತವಾಗಿದ್ದಾಗ ಅದರಲ್ಲಿ ನಮ್ಮ ಗೊಬ್ಬರವೂ ಬರುತ್ತೆ, ಚೀನಾದ ರೇಷ್ಮೆಯೂ ಬರುತ್ತೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. ಆ ಬೆಲೆ ಬೀಳಿಸಿದ್ದು ಕಡಲಿನ ಗುಂಡಲ್ಲ. ಆದ್ದರಿಂದ ದಾರಿ ಕಾಯುವುದು ಎಷ್ಟು ಮುಖ್ಯವೋ, ಆ ದಾರಿಯಲ್ಲಿ ಬರುವ ಮಾಲಿಗೆ ಸುಂಕದ ಕಟ್ಟೆಯಲ್ಲಿ ಕೂತವರು ಏನು ಮಾಡುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ.

ಇಲ್ಲಿಯ ತನಕ ಬೆಲೆಯ ಮಾತಾಯಿತು. ಕಡಲ ಕಾವಲಿಗೆ ಬೆಲೆಯಷ್ಟೇ ಅಲ್ಲದೆ ಭೂಮಿಯನ್ನೇ ಕೊಟ್ಟ ರೈತರೂ ನಮ್ಮ ರಾಜ್ಯದಲ್ಲಿದ್ದಾರೆ. ಕಾರವಾರದ ಕಡಲಿನಲ್ಲಿ ಅಂಜದೀವ್ ಅನ್ನುವ ಪುಟ್ಟ ದ್ವೀಪ ಇದೆ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾಲಕ್ಕೆ ಅದನ್ನು ಪೋರ್ಚುಗೀಸರಿಂದ ಬಿಡಿಸಲು ಹೋದ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಆ ಕೆಲಸಕ್ಕೆ ಹೋದ ಹಡಗುಗಳಲ್ಲಿ ಒಂದರ ಹೆಸರು 'ಮೈಸೂರು'. ಅದೇ ಕಾರವಾರದಲ್ಲಿ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕೆ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ಭೂಮಿ ಹೋಯಿತು. ಹನ್ನೊಂದು ಸಾವಿರ ಎಕರೆಗೂ ಮೇಲೆ. ಗದ್ದೆ ಹೋಯಿತು, ತೋಟ ಹೋಯಿತು, ಬಲೆ ಬೀಸುತ್ತಿದ್ದ ದಡ ಹೋಯಿತು. 2005ರ ಮೇ 31ರಂದು 'ಐಎನ್‌ಎಸ್ ಕದಂಬ' ಅಂತ ನಮ್ಮ ಕನ್ನಡದ ಮೊದಲ ರಾಜವಂಶದ ಹೆಸರಿಟ್ಟು ನೆಲೆ ಉದ್ಘಾಟನೆ ಮಾಡಿದರು. ಹೆಸರು ಕೇಳಲು ಹಿತವಾಗಿದೆ. ಆದರೆ ಭೂಮಿ ಕೊಟ್ಟವರು ಮೊದಲು ಕೊಟ್ಟ ಪರಿಹಾರ ಸಾಲದು ಅಂತ ಕೋರ್ಟಿನ ಮೆಟ್ಟಿಲು ಹತ್ತಿದರು. ಹಡಗುಗಳು ಬಂದು ನಿಂತ ಮೇಲೂ ಹೆಚ್ಚುವರಿ ಪರಿಹಾರಕ್ಕೆ ವರ್ಷಗಟ್ಟಲೆ ಅಲೆದರು. ಭೂಮಿ ಬಿಟ್ಟುಕೊಟ್ಟಾಗ ಹುಟ್ಟಿದ ಕೂಸು ದೊಡ್ಡದಾಗಿ ಅಪ್ಪನ ಕಾಗದ ಹಿಡಿದು ಕಚೇರಿಗೆ ಅಲೆಯುವಂತಾಯಿತು. ಕಾಲುವೆಗೆ, ರಸ್ತೆಗೆ ಜಮೀನು ಕೊಟ್ಟು ಕಾದು ಕೂತವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಅವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ದೇಶಕ್ಕೆ ನೌಕಾನೆಲೆ ಬೇಡ ಅಂತ ಆ ರೈತರು ಹೇಳಲಿಲ್ಲ. ನಾವೂ ಹೇಳುವುದಿಲ್ಲ. ನಾವು ಕೇಳುವುದು ಇಷ್ಟೇ. ಹಡಗು ಕಟ್ಟಿದವನ ಬಿಲ್ಲು ಸರ್ಕಾರ ಕೊಡುತ್ತೆ. ಹಡಗಿಗೆ ಎಣ್ಣೆ ಹಾಕಿದವನ ಬಿಲ್ಲು ಕೊಡುತ್ತೆ. ಹಡಗು ನಿಲ್ಲಲು ನೆಲ ಕೊಟ್ಟವನ ಬಿಲ್ಲು, ಹಡಗಿನ ದಾರಿ ಕೆಟ್ಟಾಗ ನಷ್ಟ ಹೊತ್ತವನ ಬಿಲ್ಲು ಯಾಕೆ ಫೈಲಿನಲ್ಲಿ ಕೊಳೆಯಬೇಕು? ದೇಶರಕ್ಷಣೆಯ ಖರ್ಚು ದೇಶದ್ದು. ಅದು ರೈತನ ಮನೆಯ ಸಾಲದ ಪತ್ರದಲ್ಲಿ ಕೂರಬಾರದು.

ಆದ್ದರಿಂದ ನಮ್ಮ ಒತ್ತಾಯ ಹೀಗಿದೆ. ಒಂದು, ಮುಂಗಾರಿಗೆ ಬೇಕಾದ ಡಿಎಪಿ, ಪೊಟ್ಯಾಷ್ ಏಪ್ರಿಲ್ ಮುಗಿಯುವುದರೊಳಗೆ ತಾಲ್ಲೂಕಿನ ಗೋದಾಮಿನಲ್ಲಿರಬೇಕು. ಹಡಗು ಬಂದ ಮೇಲೆ ನೋಡೋಣ ಅನ್ನುವ ಮಾತು ಬೇಡ. ಎರಡು, ಹಂಗಾಮಿನ ಮೊದಲಿಗೆ ಸಾರಿದ ಬೆಲೆ ಹಂಗಾಮು ಮುಗಿಯುವ ತನಕ ಬದಲಾಗಬಾರದು. ನಡುವೆ ಬಾಡಿಗೆ, ವಿಮೆ ಏರಿದರೆ ಸಬ್ಸಿಡಿ ತಾನಾಗಿ ಏರಬೇಕು, ನಾವು ರಸ್ತೆಗಿಳಿಯುವ ತನಕ ಕಾಯಬಾರದು. ಮೂರು, ದೇಶದ ಹಿತಕ್ಕೆ ರಫ್ತು ನಿಲ್ಲಿಸಿದರೆ, ಅದರಿಂದ ಬಿದ್ದ ಬೆಲೆಯ ವ್ಯತ್ಯಾಸವನ್ನು ಬೆಳೆದವನಿಗೆ ಕಟ್ಟಿಕೊಡಬೇಕು. ನಾಲ್ಕು, ಗೊಬ್ಬರ ಸಿಗದೆ ಇಳುವರಿ ಕುಸಿದ ವರ್ಷ ಸೊಸೈಟಿ ಮತ್ತು ಬ್ಯಾಂಕಿನ ಬೆಳೆಸಾಲದ ಗಡುವು ಮುಂದಕ್ಕೆ ಹೋಗಬೇಕು, ಬಡ್ಡಿ ನಿಲ್ಲಬೇಕು. ಬರಗಾಲ ಆಕಾಶದಿಂದ ಮಾತ್ರ ಬರುವುದಿಲ್ಲ, ಕಡಲಿನಿಂದಲೂ ಬರುತ್ತೆ. ಐದು, ರಕ್ಷಣೆಯ ಹೆಸರಿನಲ್ಲಿ ತೆಗೆದುಕೊಂಡ ಭೂಮಿಯ ಹಣ ಪೂರ್ತಿ ಕೈಗೆ ಬಂದ ಮೇಲೆಯೇ ಬೇಲಿ ಬೀಳಬೇಕು.

ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಮಗೆ ನಾವು ಹೇಳಿಕೊಳ್ಳಬೇಕು. ಹಡಗನ್ನೇ ನಂಬಿ ಕೂತರೆ ಹಡಗು ನಡೆಸಿದ ಕಡೆ ಹೋಗಬೇಕಾಗುತ್ತೆ. ಮಣ್ಣು ಪರೀಕ್ಷೆ ಮಾಡಿಸಿ. ಬೇಡದ ಹೊಲಕ್ಕೆ ಪೊಟ್ಯಾಷ್ ಸುರಿಯಬೇಡಿ. ತಿಪ್ಪೆಯನ್ನು ಬಿಸಿಲಿಗೆ ಒಣಗಲು ಬಿಡದೆ ಗುಂಡಿಯಲ್ಲಿ ಕಳಿಸಿ. ಭತ್ತ ನಾಟಿಗೆ ಮುಂಚೆ ಸೆಣಬು ಬಿತ್ತಿ ಮಡಕೆ ಹೊಡೆಯಿರಿ. ಬದುವಿನ ಹೊಂಗೆ ಮರ ಕಡಿಯುವ ಮುಂಚೆ ಹಿಂಡಿಯ ಬೆಲೆ ನೆನೆಯಿರಿ. ಇದರಿಂದ ಸೀಮೆಗೊಬ್ಬರ ಪೂರ್ತಿ ಬಿಡಬಹುದು ಅಂತ ನಾವು ಸುಳ್ಳು ಹೇಳುವುದಿಲ್ಲ. ನಾಲ್ಕು ಮೂಟೆ ಹಾಕುವ ಕಡೆ ಮೂರಕ್ಕೆ ಇಳಿದರೂ ಆ ಒಂದು ಮೂಟೆಯಷ್ಟು ಸ್ವತಂತ್ರರಾದೆವು.

ಕೊನೆಗೆ ಒಂದು ಕೆಲಸ. ಈ ಹಂಗಾಮಿನಿಂದ ಒಂದು ನೋಟ್‌ಬುಕ್ ಇಡಿ. ಗೊಬ್ಬರ ತಂದ ದಿನ, ಮೂಟೆಯ ಮೇಲೆ ಅಚ್ಚಾದ ಬೆಲೆ, ನೀವು ಕೊಟ್ಟ ಬೆಲೆ, ಕೈಸಾಲದ ಬಡ್ಡಿ, ಮಾರಿದ ದಿನ, ಸಿಕ್ಕ ಬೆಲೆ, ಮಂಡಿಯವರು ಹೇಳಿದ ಕಾರಣ, ಎಲ್ಲವನ್ನೂ ಬರೆಯಿರಿ. ರಸೀದಿ ಕೇಳಿ ಪಡೆದು ಅದರೊಳಗೇ ಇಡಿ. ಮುಂದಿನ ಸಲ "ಹಡಗು ಬಂದಿಲ್ಲ" ಅಂದಾಗ ಪುಸ್ತಕ ತೆಗೆದು, ಹೋದ ಸಲ ಹಡಗು ಬಂದಿತ್ತಲ್ಲ, ಆಗ ಯಾಕೆ ಇಳಿಸಲಿಲ್ಲ ಅಂತ ಕೇಳಿ. ಊರಿಗೆ ಹತ್ತು ಪುಸ್ತಕ ಆದರೆ ತಾಲ್ಲೂಕು ಕಚೇರಿಯ ಮುಂದೆ ಹೋಗಿ ಕೂರಲು ನಮ್ಮ ಕೈಯಲ್ಲಿ ಲೆಕ್ಕ ಇರುತ್ತೆ. ಕಡಲ ಕಾವಲಿಗೆ ನೌಕಾಪಡೆ ಇದೆ. ಹೊಲದ ಲೆಕ್ಕದ ಕಾವಲಿಗೆ ಬೇರೆ ಯಾರೂ ಬರುವುದಿಲ್ಲ, ನಾವೇ ನಿಲ್ಲಬೇಕು.